ಕಲಾಪ್ರದರ್ಶನ ವಿಮರ್ಶೆ

ವಸ್ತುಸಂಗ್ರಹಾಲಯದಲ್ಲೋ ಗ್ಯಾಲರಿಯಲ್ಲೋ ನಿಗದಿತ ಅವಧಿಗೆ ಏರ್ಪಡುವ ಚಿತ್ರ, ಶಿಲ್ಪ ಮುಂತಾದವುಗಳ ಪ್ರದರ್ಶನವನ್ನು ಸ್ವತಃ ನೋಡಿ, ಕಂಡದ್ದನ್ನು ವರ್ಣಿಸಿ, ಅದರ ಗುಣದೋಷಗಳನ್ನು ತೂಗಿ ಹೇಳುವ ಬರವಣಿಗೆ. ಇದನ್ನು ಕಲಾವಿಮರ್ಶೆಯ ಒಂದು ಸಣ್ಣ ಕವಲೆಂದು ಎಣಿಸುವುದು ವಾಡಿಕೆ. ಪತ್ರಿಕೆಗಳಲ್ಲಿ ಇದಕ್ಕೆ ಸಿಗುವ ಜಾಗವೂ ಅಷ್ಟಕ್ಕಷ್ಟೆ. ಆದರೆ ಕೃತಿಯ ವಿಮರ್ಶೆಗೂ ಪ್ರದರ್ಶನದ ವಿಮರ್ಶೆಗೂ ಬುಡದಲ್ಲೇ ಒಂದು ವ್ಯತ್ಯಾಸವಿದೆ. ಚಿತ್ರ ಉಳಿಯುತ್ತದೆ, ಪ್ರದರ್ಶನ ಉಳಿಯುವುದಿಲ್ಲ. ಅವಧಿ ಮುಗಿದ ಮರುದಿನ ಮೊಳೆ ಕಿತ್ತು, ಗೋಡೆಗೆ ಸುಣ್ಣ ಬಳಿದು, ಚಿತ್ರಗಳನ್ನು ಪೆಟ್ಟಿಗೆಗೆ ಹಾಕುತ್ತಾರೆ. ಯಾವ ಚಿತ್ರದ ಪಕ್ಕದಲ್ಲಿ ಯಾವುದಿತ್ತು, ಎಷ್ಟು ಎತ್ತರದಲ್ಲಿತ್ತು, ಬೆಳಕು ಹೇಗಿತ್ತು, ಜನ ಎಲ್ಲಿ ನಿಂತರು, ಎಲ್ಲಿ ನಿಲ್ಲದೆ ಹೋದರು ಎಂಬುದು ಆಮೇಲೆ ಯಾರಿಗೂ ಸಿಗುವುದಿಲ್ಲ, ಯಾರಾದರೂ ಬರೆದಿಟ್ಟಿದ್ದರೆ ಹೊರತು. ಆದ್ದರಿಂದ ಪ್ರದರ್ಶನ ವಿಮರ್ಶಕನ ಮೊದಲ ಕೆಲಸ ತೀರ್ಪು ಕೊಡುವುದಲ್ಲ, ಸಾಕ್ಷಿ ಹೇಳುವುದು. ತೀರ್ಪು ಬೇಡವೆಂದಲ್ಲ. ಸಾಕ್ಷಿ ಗಟ್ಟಿಯಾಗಿದ್ದರೆ ತೀರ್ಪು ತಪ್ಪಿದರೂ ಬರಹ ಉಳಿಯುತ್ತದೆ. ಸಾಕ್ಷಿಯೇ ಇಲ್ಲದ ಬರಹ, ತೀರ್ಪು ಸರಿಯಿದ್ದರೂ, ಪ್ರದರ್ಶನದ ಜೊತೆಗೇ ಮುಗಿದುಹೋಗುತ್ತದೆ. ಈ ಬರವಣಿಗೆಯ ಸುಮಾರು ಇನ್ನೂರ ಎಂಬತ್ತು ವರ್ಷಗಳ ಚರಿತ್ರೆ ಈ ಮಾತಿಗೆ ಸಾಕಷ್ಟು ಆಧಾರ ಒದಗಿಸುತ್ತದೆ.

ಇದು ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ. 1648ರಲ್ಲಿ ಸ್ಥಾಪನೆಯಾದ ಫ್ರಾನ್ಸಿನ ರಾಜಾಶ್ರಯದ ಚಿತ್ರ ಮತ್ತು ಶಿಲ್ಪ ಅಕಾಡೆಮಿ ತನ್ನ ಸದಸ್ಯರ ಕೃತಿಗಳನ್ನು ಮೊದಲು 1667ರಲ್ಲಿ ಪ್ರದರ್ಶಿಸಿತು. 1725ರಲ್ಲಿ ಪ್ರದರ್ಶನ ಲೂವ್ರ್ ಅರಮನೆಯ ‘ಸಲೋನ್ ಕಾರೆ’ ಎಂಬ ಚೌಕ ಹಜಾರಕ್ಕೆ ಬಂತು. ಹಜಾರದ ಹೆಸರೇ ಪ್ರದರ್ಶನಕ್ಕೂ ನಿಂತು, 1737ರಿಂದ ಸಲೋನ್ ಕ್ರಮವಾಗಿ ನಡೆಯತೊಡಗಿತು. ಒಳಗೆ ಹೋಗಲು ದುಡ್ಡು ಕೊಡಬೇಕಾಗಿರಲಿಲ್ಲ. ಅಲ್ಲಿಯವರೆಗೆ ದೊಡ್ಡ ಚಿತ್ರಗಳೆಂದರೆ ಅರಮನೆಯವರು, ಮಠದವರು, ಶ್ರೀಮಂತರು ಹೇಳಿ ಮಾಡಿಸಿಕೊಂಡವು. ಮಾಡಿಸಿಕೊಂಡವನೇ ಅವುಗಳ ಮೊದಲ ಮತ್ತು ಕೊನೆಯ ಪರೀಕ್ಷಕ. ಈಗ ಅಂಗಡಿಯ ಗುಮಾಸ್ತನೂ ಸಿರಿವಂತನೂ ಒಂದೇ ಚಿತ್ರದ ಮುಂದೆ ಹೆಗಲಿಗೆ ಹೆಗಲು ತಾಗಿಸಿ ನಿಂತರು. ಚಿತ್ರಗಳನ್ನಾದರೋ ನೆಲದ ಹತ್ತಿರದಿಂದ ಸೂರಿನವರೆಗೆ, ಚೌಕಟ್ಟಿಗೆ ಚೌಕಟ್ಟು ತಾಗುವಂತೆ ತೂಗುಹಾಕುತ್ತಿದ್ದರು. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಜನವರಿಯಲ್ಲಿ ನಡೆಯುವ ಚಿತ್ರಸಂತೆಯನ್ನು ಒಂದು ಹಜಾರದೊಳಕ್ಕೆ ತುರುಕಿ ಗೋಡೆಗೆ ಹತ್ತಿಸಿದರೆ ಹೇಗಿದ್ದೀತೋ ಹಾಗೆ. ಯಾವುದು ಕಣ್ಣಿನ ಮಟ್ಟದಲ್ಲಿ, ಯಾವುದು ಸೂರಿನ ಬಳಿ ಎಂಬುದನ್ನು ತೀರ್ಮಾನಿಸಲು ಅಕಾಡೆಮಿಯ ಸದಸ್ಯನೊಬ್ಬನನ್ನು ನೇಮಿಸುತ್ತಿದ್ದರು. ಆ ಹುದ್ದೆಯಲ್ಲಿ ಬಹುಕಾಲ ಇದ್ದವನು ಸ್ಥಿರವಸ್ತು ಚಿತ್ರಗಳಿಗೆ ಹೆಸರಾದ ಶಾರ್ಡಾನ್. ಅಂದರೆ ಇಂದು ಕ್ಯುರೇಟರ್ ಎಂದು ನಾವು ಕರೆಯುವವರ ಕೆಲಸದ ಒಂದು ಪಾಲು ಆಗಲೇ ಶುರುವಾಗಿತ್ತು.

1746ರ ಸಲೋನನ್ನು ಕುರಿತು ಲಾ ಫಾನ್ ದ ಸೇಂಟ್-ಯೆನ್ ಎಂಬಾತ ಮರುವರ್ಷ ತನ್ನ ಹೆಸರು ಹಾಕದೆ ಒಂದು ಪುಸ್ತಿಕೆ ಅಚ್ಚು ಹಾಕಿಸಿದ. ಪ್ರದರ್ಶನಕ್ಕಿಟ್ಟ ಚಿತ್ರ ಅಚ್ಚಾದ ಪುಸ್ತಕದಂತೆ, ರಂಗಕ್ಕೇರಿದ ನಾಟಕದಂತೆ. ಅದರ ಬಗ್ಗೆ ಅಭಿಪ್ರಾಯ ಹೇಳುವ ಹಕ್ಕು ಎಲ್ಲರಿಗೂ ಇದೆ ಎಂಬುದು ಅವನ ವಾದ. ಕಲಾವಿದರು ಕೆರಳಿದರು, 1749ರಲ್ಲಿ ಸಲೋನ್ ನಡೆಯಲೇ ಇಲ್ಲ. ಹಕ್ಕು ಸ್ಥಾಪನೆಯಾದದ್ದು ಹೀಗೆ. ಅದನ್ನು ಬಳಸುವ ವಿಧಾನ ತೋರಿಸಿಕೊಟ್ಟವನು ಲೇಖಕ ದಿದೆರೊ. 1759ರಿಂದ 1781ರ ನಡುವೆ ಅವನು ಒಂಬತ್ತು ಸಲೋನ್‌ಗಳ ಬಗ್ಗೆ ಬರೆದ. ಅವು ಪ್ರಕಟವಾದದ್ದು ಅಚ್ಚಿನಲ್ಲಲ್ಲ. ಗೆಳೆಯ ಗ್ರಿಮ್ ನಡೆಸುತ್ತಿದ್ದ ಕೈಬರಹದ ಪತ್ರಿಕೆಯಲ್ಲಿ. ಅದರ ಓದುಗರು ಯುರೋಪಿನ ಆಸ್ಥಾನಗಳಲ್ಲಿದ್ದ ಬೆರಳೆಣಿಕೆಯ ಚಂದಾದಾರರು, ಅವರಲ್ಲಿ ರಷ್ಯದ ಎರಡನೆಯ ಕ್ಯಾಥರೀನ್ ಒಬ್ಬಳು. ಅವರಾರೂ ಪ್ಯಾರಿಸ್ಸಿಗೆ ಬಂದು ಚಿತ್ರ ನೋಡುವವರಲ್ಲ. ಈ ಸಂಗತಿಯನ್ನು ಗಮನಿಸದೆ ದಿದೆರೊನ ಗದ್ಯವನ್ನು ಅರ್ಥಮಾಡಿಕೊಳ್ಳಲಾಗದು. ನೋಡದವರಿಗೆ ನೋಡಿಸಬೇಕಾದ ಹಂಗು ಅವನಿಗಿತ್ತು. ಅದರಿಂದಲೇ ಆ ಬರಹ ಬೆಳೆಯಿತು. 1763ರ ಬರಹದಲ್ಲಿ ಶಾರ್ಡಾನನ ಆಲಿವ್ ಕಾಯಿಗಳ ಭರಣಿಯ ಚಿತ್ರದ ಮುಂದೆ ಅವನು ಮಾಡುವುದನ್ನು ನೋಡಿ. ಹತ್ತಿರ ಹೋದರೆ ಎಲ್ಲ ಕಲಸಿಹೋಗಿ, ಚಪ್ಪಟೆಯಾಗಿ ಮಾಯವಾಗುತ್ತದೆ, ದೂರ ಸರಿದರೆ ಮತ್ತೆ ಮೈತಳೆದು ನಿಲ್ಲುತ್ತದೆ ಎನ್ನುತ್ತಾನೆ. ಇದು ಹೊಗಳಿಕೆ ಹೌದು. ಅದಕ್ಕಿಂತ ಮೊದಲು ಇದು ಒಬ್ಬ ಮನುಷ್ಯ ಎರಡು ಹೆಜ್ಜೆ ಮುಂದೆ, ನಾಲ್ಕು ಹೆಜ್ಜೆ ಹಿಂದೆ ಹೋಗಿ ಕಂಡದ್ದರ ವರದಿ. ಶಾರ್ಡಾನ್ ಒಬ್ಬರ ಚಿತ್ರದ ಪಕ್ಕ ಇನ್ನೊಬ್ಬರದನ್ನು ಬೇಕೆಂದೇ ಇಟ್ಟು ತುಂಟತನ ಮಾಡುತ್ತಾನೆ ಎಂಬುದನ್ನೂ ದಿದೆರೊ ಗುರುತಿಸಿದ್ದಾನೆ. ವಿಮರ್ಶೆಯ ಆರಂಭದಲ್ಲೇ ವಿಮರ್ಶಕನ ಕಣ್ಣು ಚೌಕಟ್ಟಿನಾಚೆಗೂ ಹೋಗಿತ್ತು ಎನ್ನಲು ಇಷ್ಟು ಸಾಕು. ಅದೇ ಕಾಲದಲ್ಲಿ ಗಾಬ್ರಿಯೆಲ್ ದ ಸೇಂಟ್-ಓಬಾನ್ ಎಂಬ ಕಲಾವಿದ ಸಲೋನಿನ ಪಟ್ಟಿಪುಸ್ತಿಕೆಯ ಅಂಚುಗಳಲ್ಲಿ ಒಂದೊಂದು ಚಿತ್ರವನ್ನೂ ಹೆಬ್ಬೆರಳಿನಷ್ಟಗಲ ಗೀಚಿಕೊಂಡ. ಕಳೆದುಹೋದ ಎಷ್ಟೋ ಚಿತ್ರಗಳನ್ನು ಇಂದು ಗುರುತಿಸಲು ಆ ಗೀಚುಗಳೇ ಗತಿ.

ಇಲ್ಲಿ ಮೊದಲ ಆಕ್ಷೇಪವನ್ನು ಎದುರಿಸಬೇಕು. ನೋಡಬೇಕಾದದ್ದು ಚಿತ್ರವನ್ನು, ಮೊಳೆ, ದಾರ, ದೀಪಗಳ ಮಾತು ಬಡಗಿಗೂ ಎಲೆಕ್ಟ್ರಿಷಿಯನ್ನಿಗೂ ಸೇರಿದ್ದು ಎನ್ನುವವರಿದ್ದಾರೆ. ಕಲಾವಿದರು ಹಾಗೆ ಭಾವಿಸಿದ್ದಿಲ್ಲ. ಲಂಡನ್ನಿನ ರಾಯಲ್ ಅಕಾಡೆಮಿ 1784ರಲ್ಲಿ ತನ್ನ ಚಿತ್ರವನ್ನು ತಾನು ಹೇಳಿದ ಎತ್ತರದಲ್ಲಿ ಹಾಕಲಿಲ್ಲವೆಂದು ಗೇನ್ಸ್‌ಬರೊ ಎಲ್ಲ ಚಿತ್ರಗಳನ್ನೂ ವಾಪಸು ತೆಗೆದುಕೊಂಡು ಹೋದವನು ಮತ್ತೆ ಅಲ್ಲಿ ಪ್ರದರ್ಶಿಸಲೇ ಇಲ್ಲ. 1832ರಲ್ಲಿ ಅದೇ ಅಕಾಡೆಮಿಯಲ್ಲಿ ಟರ್ನರನ ಬೂದುಬಣ್ಣದ ಕಡಲಚಿತ್ರದ ಪಕ್ಕದಲ್ಲಿ ಕಾನ್‌ಸ್ಟೆಬಲನ ವಾಟರ್ಲೂ ಸೇತುವೆಯ ಚಿತ್ರ ಬಂತು, ಕೆಂಪು ಚಿನ್ನದ ಬಣ್ಣಗಳಿಂದ ಝಗಝಗಿಸುವಂಥದು. ಉದ್ಘಾಟನೆಗೆ ಮುಂಚೆ ಕಲಾವಿದರಿಗೆ ವಾರ್ನಿಷ್ ಬಳಿಯಲು ಕೊಡುತ್ತಿದ್ದ ದಿನಗಳಲ್ಲಿ ಟರ್ನರ್ ಬಂದು ತನ್ನ ಸಮುದ್ರದ ಮೇಲೆ ಕೆಂಪು ಬಣ್ಣದ ಒಂದು ಚುಕ್ಕೆ ಇಟ್ಟು ಮಾತಾಡದೆ ಹೋದ. ಆಮೇಲೆ ಅದನ್ನೇ ತಿದ್ದಿ ನೀರಿನಲ್ಲಿ ತೇಲುವ ಬೋಯಾ ಮಾಡಿದ. ಪಕ್ಕದ ಚಿತ್ರ ಸಪ್ಪೆಯಾಯಿತು. ಕಣ್ಣಿನ ಮುಂದಿರುವ ಬಣ್ಣ ನೆರೆಯ ಬಣ್ಣದಿಂದ ಬದಲಾಗುತ್ತದೆ ಎಂಬುದು ಬಡಗಿಯ ಸಂಗತಿಯಲ್ಲ, ಚಿತ್ರಕಾರನ ಸಂಗತಿ. ಬೆಳಕಿನದೂ ಹಾಗೆಯೇ. ಕಾಗದದ ಮೇಲಿನ ಜಲವರ್ಣ ಮತ್ತು ಬಟ್ಟೆಗಳಿಗೆ ಸುಮಾರು 50 ಲಕ್ಸ್, ತೈಲವರ್ಣಕ್ಕೆ ಸುಮಾರು 200 ಲಕ್ಸ್ ಮೀರಬಾರದೆಂಬುದು ವಸ್ತುಸಂಗ್ರಹಾಲಯಗಳಲ್ಲಿ ಒಪ್ಪಿತವಾದ ಕಟ್ಟಳೆ, ಏಕೆಂದರೆ ಬೆಳಕಿಗೆ ಬಣ್ಣ ಮಾಸಿದರೆ ಹಿಂದಿರುಗಿ ಬರುವುದಿಲ್ಲ. ಇದು ತಿಳಿಯದ ವಿಮರ್ಶಕ ಮಂದ ಬೆಳಕನ್ನು ವ್ಯವಸ್ಥಾಪಕರ ಜಿಪುಣತನ ಎಂದು ಬರೆದುಬಿಡುತ್ತಾನೆ. ತಿಳಿದವನು ಆ ಮಂದ ಬೆಳಕಿನಲ್ಲಿ ಏನು ಕಂಡಿತು, ಏನು ಕಾಣದೆ ಹೋಯಿತು ಎಂಬುದನ್ನು ಬರೆಯುತ್ತಾನೆ.

ಬೆಳಕೇ ಚಿತ್ರದ ಅರ್ಧ ಕೆಲಸ ಮಾಡುವ ಉದಾಹರಣೆಗೆ ಕನ್ನಡ ಓದುಗರು ದೂರ ಹೋಗಬೇಕಿಲ್ಲ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಎಸ್.ಎಲ್. ಹಲ್ದಣಕರ್ ಬರೆದ, ‘ಗ್ಲೋ ಆಫ್ ಹೋಪ್’ ಎಂದು ಹೆಸರಾದ ಜಲವರ್ಣ ಚಿತ್ರವಿದೆ. ಸೀರೆಯುಟ್ಟ ಹೆಂಗಸು ಎಡಗೈಯಲ್ಲೋ ಬಲಗೈಯಲ್ಲೋ ದೀಪ ಹಿಡಿದಿದ್ದಾಳೆ ಎಂದಷ್ಟೇ ಬರೆದರೆ ಏನೂ ಹೇಳಿದಂತಾಗಲಿಲ್ಲ. ದೀಪ ಆರದಂತೆ ಅಡ್ಡ ಹಿಡಿದ ಅಂಗೈಯ ಬೆರಳುಗಳ ಸಂದಿನಲ್ಲಿ ಬೆಳಕು ಕೆಂಪಾಗಿ ಸೋರುತ್ತದೆ. ಮುಖದ ಮೇಲೂ ಎದೆಯ ಮೇಲಿನ ಸೆರಗಿನ ಮೇಲೂ ಅದೇ ಬೆಳಕು ಬೇರೆ ಬೇರೆ ತೀವ್ರತೆಯಲ್ಲಿ ಬಿದ್ದಿದೆ. ಚಿತ್ರವನ್ನು ಕತ್ತಲು ಮಾಡಿದ ಜಾಗದಲ್ಲಿ ತೋರಿಸುವ ಪದ್ಧತಿ ಇರುವುದರಿಂದ ದೀಪ ನಿಜವಾಗಿಯೂ ಉರಿಯುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ನೋಡುಗರು ಬೆರಗಾಗುವುದು ಹಲ್ದಣಕರರ ಕುಂಚಕ್ಕೋ ಕತ್ತಲ ಕೋಣೆಗೋ? ಎರಡಕ್ಕೂ. ಎರಡನ್ನೂ ಬಿಡಿಸಿ ಹೇಳುವುದೇ ವಿಮರ್ಶಕನ ಕೆಲಸ. ಆ ಕೆಲಸ ನಡೆಯದಿರುವುದರ ಫಲವೂ ಇಲ್ಲೇ ಇದೆ. ಈ ಚಿತ್ರ ರಾಜಾ ರವಿವರ್ಮನದೆಂದು ನಂಬಿಕೊಂಡು ಮನೆಗೆ ಹೋಗುವವರಿಗೆ ಲೆಕ್ಕವಿಲ್ಲ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಚಿತ್ರ 1940ರ ದಶಕದ್ದು.

ತೀರ್ಪು ತಲೆಕೆಳಗಾದರೂ ಸಾಕ್ಷಿ ನಿಲ್ಲುತ್ತದೆ ಎಂಬುದಕ್ಕೆ ಮರಳಿ ಪ್ಯಾರಿಸ್ಸಿಗೇ ಹೋಗಬೇಕು. 1863ರಲ್ಲಿ ಸಲೋನಿನ ಆಯ್ಕೆ ಸಮಿತಿ ಬಂದ ಕೃತಿಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಿರಸ್ಕರಿಸಿದಾಗ ಎದ್ದ ಗಲಾಟೆಗೆ ಮೂರನೆಯ ನೆಪೋಲಿಯನ್ ತಿರಸ್ಕೃತರದೇ ಒಂದು ಪ್ರದರ್ಶನ ಮಾಡಿಸಿದ. ಮಾನೆಯ ‘ಹುಲ್ಲಿನ ಮೇಲಿನ ಊಟ’ ಜನರ ನಗೆಗೆ ಗುರಿಯಾದದ್ದು ಅಲ್ಲಿ. ಹನ್ನೊಂದು ವರ್ಷಗಳ ಮೇಲೆ, 1874ರ ಏಪ್ರಿಲ್ 15ರಂದು, ಮೊನೆ, ಪಿಸಾರೊ, ದೆಗಾ, ರೆನ್ವಾರ್ ಮೊದಲಾದ ಮೂವತ್ತು ಮಂದಿ ಫೋಟೋಗ್ರಾಫರ್ ನಾದಾರನ ಹಳೆಯ ಸ್ಟುಡಿಯೋದಲ್ಲಿ ಸ್ವತಂತ್ರವಾಗಿ ಪ್ರದರ್ಶನ ಹೂಡಿದರು. ಪಟ್ಟಿಯಲ್ಲಿದ್ದ ಕೃತಿಗಳು 165, ಪ್ರವೇಶಧನ ಒಂದು ಫ್ರಾಂಕ್. ಏಪ್ರಿಲ್ 25ರ ‘ಶಾರಿವಾರಿ’ ಎಂಬ ವಿನೋದಪತ್ರಿಕೆಯಲ್ಲಿ ಲೂಯಿ ಲರ್ವಾ ಇದನ್ನು ಗೇಲಿ ಮಾಡಿ ಬರೆದ. ಹಳೆಯ ಪದ್ಧತಿಯ ನಿಸರ್ಗಚಿತ್ರಕಾರನೊಬ್ಬನನ್ನು ಕಲ್ಪಿಸಿಕೊಂಡು ಅವನ ಜೊತೆ ಚಿತ್ರದಿಂದ ಚಿತ್ರಕ್ಕೆ ಹೋಗುವುದು ಬರಹದ ತಂತ್ರ. ಮೊನೆಯ ‘ಇಂಪ್ರೆಷನ್, ಸೂರ್ಯೋದಯ’ದ ಮುಂದೆ ಆಡಿದ ಅಣಕವೇ ಒಂದು ಪಂಥದ ಹೆಸರಾಯಿತೆಂಬುದು ಎಲ್ಲರಿಗೂ ಗೊತ್ತಿರುವ ಕಥೆ. ಅಷ್ಟು ಗೊತ್ತಿಲ್ಲದ ಭಾಗ ಹೆಚ್ಚು ಉಪಯೋಗದ್ದು. ಹಿಮಬಿದ್ದ ಉಳುಮೆಯ ಹೊಲವನ್ನು ಪಿಸಾರೊ ಬರೆದ ಚಿತ್ರದ ಮುಂದೆ ಆ ಮುದುಕ ತನ್ನ ಕನ್ನಡಕವೇ ಕೊಳೆಯಾಗಿದೆಯೆಂದು ಒರೆಸಿಕೊಳ್ಳುತ್ತಾನೆ. ಬಣ್ಣದ ಹಲಗೆಯ ಕೆರೆತವನ್ನು ಕೊಳಕು ಕ್ಯಾನ್ವಾಸಿನ ಮೇಲೆ ಮೆತ್ತಿದಂತಿದೆ ಎಂದು ದೂರುತ್ತಾನೆ. ಬೈಗುಳವನ್ನು ಬದಿಗಿಟ್ಟು ಓದಿದರೆ ಇದು ಆ ಚಿತ್ರದ ಮೇಲ್ಮೈಯ ಕರಾರುವಾಕ್ಕಾದ ವರ್ಣನೆ: ನುಣುಪಿಲ್ಲ, ಗೆರೆಯಿಲ್ಲ, ದಪ್ಪನೆಯ ಬಿಡಿ ಬಿಡಿ ಬಣ್ಣ. ಅದೇ ಪ್ರದರ್ಶನವನ್ನು ಮೆಚ್ಚಿ ಬರೆದ ಫಿಲಿಪ್ ಬುರ್ತಿ ಗೋಡೆಗೆ ಹೊದಿಸಿದ್ದ ಕಂದುಗೆಂಪು ಉಣ್ಣೆಬಟ್ಟೆಯನ್ನು ಗುರುತು ಮಾಡಿಟ್ಟ. ಸಲೋನಿನ ಸೂರುಮುಟ್ಟುವ ದಟ್ಟಣೆಗೆ ಬದಲಾಗಿ ಅಲ್ಲಿ ಹೆಚ್ಚೆಂದರೆ ಎರಡು ಸಾಲು ಚಿತ್ರಗಳಿದ್ದವೆಂದು, ಸಂಜೆ ಎಂಟರಿಂದ ಹತ್ತರವರೆಗೂ ತೆರೆದಿತ್ತೆಂದು ನಾವಿಂದು ಹೇಳಬಲ್ಲೆವಾದರೆ ಅದಕ್ಕೆ ಕಾರಣ ಆಗಿನವರು ಬರೆದಿಟ್ಟ ಇಂಥ ವಿವರಗಳು.

ಇದಕ್ಕಿಂತ ಬಲವಾದ ಉದಾಹರಣೆ ರಷ್ಯದ್ದು. 1915ರ ಡಿಸೆಂಬರಿನಲ್ಲಿ ಪೆತ್ರೊಗ್ರಾದ್ ನಗರದಲ್ಲಿ ನಡೆದ ‘0,10’ ಪ್ರದರ್ಶನದಲ್ಲಿ ಮಲೇವಿಚ್ ತನ್ನ ‘ಕಪ್ಪು ಚೌಕ’ವನ್ನು ಮೊದಲ ಬಾರಿಗೆ ತೋರಿಸಿದ. ಚಿತ್ರವನ್ನು ಗೋಡೆಗೆ ಹಾಕಲಿಲ್ಲ. ಎರಡು ಗೋಡೆ ಕೂಡುವ ಮೂಲೆಯಲ್ಲಿ, ಸೂರಿನ ಕೆಳಗೆ ಅಡ್ಡಲಾಗಿ ಹಾಕಿದ. ಕಲಾವಿಮರ್ಶಕ ಅಲೆಕ್ಸಾಂದ್ರ್ ಬೆನ್ವಾಗೆ ಈ ಪ್ರದರ್ಶನವೆಂದರೆ ಮೈಯೆಲ್ಲ ಉರಿ. ಆದರೆ 1916ರ ಜನವರಿಯಲ್ಲಿ ‘ರೇಚ್’ ಪತ್ರಿಕೆಗೆ ಬರೆಯುವಾಗ, ರಷ್ಯದ ಮನೆಗಳಲ್ಲಿ ದೇವರ ಪಟವಿಡುವ ಪವಿತ್ರ ಮೂಲೆಯಲ್ಲೇ ಆ ಚೌಕವಿತ್ತೆಂಬುದನ್ನು ಅವನು ಬಿಡಲಿಲ್ಲ. ಪ್ರದರ್ಶನದ ಒಂದು ಫೋಟೋ ಉಳಿದಿದೆ, ಅದರಲ್ಲಿ ಮೂಲೆ ಕಾಣುತ್ತದೆ ನಿಜ. ಆದರೆ ಆ ಕಾಲದ ನೋಡುಗನಿಗೆ ಆ ಮೂಲೆ ಏನನ್ನು ಹೇಳಿತು ಎಂಬುದು ಫೋಟೋದಲ್ಲಿಲ್ಲ, ವಿರೋಧಿಯ ಬರಹದಲ್ಲಿದೆ. ಇಂದು ‘ಕಪ್ಪು ಚೌಕ’ದ ಬಗ್ಗೆ ಬರೆಯುವವರೆಲ್ಲ ಈ ಮೂಲೆಯಿಂದಲೇ ತೊಡಗುತ್ತಾರೆ. ಬೆನ್ವಾನ ತೀರ್ಪನ್ನು ಯಾರೂ ಒಪ್ಪುವುದಿಲ್ಲ, ಅವನ ಸಾಕ್ಷಿಯನ್ನು ಎಲ್ಲರೂ ಬಳಸುತ್ತಾರೆ.

ಹಾಗಾದರೆ ವಿಮರ್ಶಕರ ತಪ್ಪುಗಳಿಗೆಲ್ಲ ಇದೇ ಸಮಾಧಾನವೇ? ಅಲ್ಲ. ಇಂಗ್ಲಿಷ್ ಕಲಾವಿಮರ್ಶಕ ರಸ್ಕಿನ್ನನ ಪ್ರಕರಣ ಇದಕ್ಕೆ ವಿರುದ್ಧ. 1877ರಲ್ಲಿ ಲಂಡನ್ನಿನ ಗ್ರಾವ್‌ನರ್ ಗ್ಯಾಲರಿಯಲ್ಲಿದ್ದ ವಿಸ್ಲರನ ಒಂದು ರಾತ್ರಿಚಿತ್ರದ ಬಗ್ಗೆ, ಜನರ ಮುಖಕ್ಕೆ ಬಣ್ಣದ ಡಬ್ಬ ಎರಚಿ ಇನ್ನೂರು ಗಿನಿ ಕೇಳುವ ಉದ್ಧಟತನ ಎಂಬ ಅರ್ಥ ಬರುವಂತೆ ರಸ್ಕಿನ್ ಬರೆದ. ವಿಸ್ಲರ್ ಮಾನನಷ್ಟದ ಮೊಕದ್ದಮೆ ಹೂಡಿ 1878ರಲ್ಲಿ ಗೆದ್ದ. ಸಿಕ್ಕ ಪರಿಹಾರ ಒಂದು ಫಾರ್ದಿಂಗ್, ಅಂದರೆ ಪೆನ್ನಿಯ ಕಾಲು ಭಾಗ, ಮೇಲೆ ದಾವೆಯ ಖರ್ಚಿನಿಂದ ಮರುವರ್ಷ ದಿವಾಳಿ. ಚಿತ್ರ ಈಗ ಡೆಟ್ರಾಯಿಟಿನ ಸಂಗ್ರಹಾಲಯದಲ್ಲಿದೆ: ಥೇಮ್ಸ್ ತೀರದ ಉದ್ಯಾನದ ಮೇಲೆ ಕಪ್ಪು ಆಕಾಶದಲ್ಲಿ ಬಾಣಬಿರುಸಿನ ಕಿಡಿಗಳು ಉದುರುತ್ತಿವೆ. ರಸ್ಕಿನ್ನನ ಸಾಲುಗಳಲ್ಲಿ ಕತ್ತಲೂ ಇಲ್ಲ, ಕಿಡಿಯೂ ಇಲ್ಲ. ಇರುವುದು ಬೆಲೆ ಮತ್ತು ಬೈಗುಳ. ಟರ್ನರನ ಮೋಡಗಳನ್ನು ಪುಟಗಟ್ಟಲೆ ವರ್ಣಿಸಿದ ಮನುಷ್ಯ ಇಲ್ಲಿ ನೋಡುವ ಕಷ್ಟವನ್ನೇ ತೆಗೆದುಕೊಳ್ಳಲಿಲ್ಲ. ಲರ್ವಾನದೂ ತಪ್ಪು ತೀರ್ಪೇ, ರಸ್ಕಿನ್ನನದೂ ತಪ್ಪು ತೀರ್ಪೇ. ಮೊದಲನೆಯದರಿಂದ 1874ರ ಚಿತ್ರಗಳ ಬಗ್ಗೆ ತಿಳಿಯುವುದಿದೆ. ಎರಡನೆಯದರಿಂದ ತಿಳಿಯುವುದು ರಸ್ಕಿನ್ನನ ಸಿಟ್ಟಿನ ಬಗ್ಗೆ ಮಾತ್ರ.

ಈ ವಾದಕ್ಕೆ ನಿಜವಾಗಿ ತೊಡಕಾಗುವ ಆಕ್ಷೇಪ ಬೇರೆಯಿದೆ, ಅದು ಜರ್ಮನಿಯ ಚರಿತ್ರೆಯಿಂದ ಬರುತ್ತದೆ. 1936ರ ನವೆಂಬರಿನಲ್ಲಿ ನಾಜಿ ಪ್ರಚಾರಮಂತ್ರಿ ಗೊಬೆಲ್ಸ್ ಕಲಾವಿಮರ್ಶೆಯನ್ನೇ ನಿಷೇಧಿಸಿದ. ಇನ್ನು ಮುಂದೆ ಬರೆಯಬಹುದಾದದ್ದು ಕಲಾವರದಿ ಮಾತ್ರ. ವರ್ಣಿಸಿ, ಮೌಲ್ಯಮಾಪನ ಬೇಡ ಎಂದು ಆಜ್ಞೆ. ತೀರ್ಪಿಗಿಂತ ಸಾಕ್ಷಿ ಮೊದಲು ಎನ್ನುವವರು ಗೊಬೆಲ್ಸನ ಮಾತನ್ನೇ ಸಭ್ಯವಾಗಿ ಹೇಳುತ್ತಿದ್ದಾರಲ್ಲವೆ? ಉತ್ತರ ಎಂಟು ತಿಂಗಳ ನಂತರ ಮ್ಯೂನಿಕ್ಕಿನಲ್ಲೇ ಸಿಗುತ್ತದೆ. 1937ರ ಜುಲೈ 19ರಂದು ಅಲ್ಲಿ ‘ಅಧಃಪತಿತ ಕಲೆ’ ಎಂಬ ಪ್ರದರ್ಶನ ತೆರೆಯಿತು. ಸರ್ಕಾರಿ ಸಂಗ್ರಹಾಲಯಗಳಿಂದ ಕಿತ್ತು ತಂದ ಸುಮಾರು 650 ಆಧುನಿಕ ಕೃತಿಗಳನ್ನು ಇಕ್ಕಟ್ಟಾದ ಕೋಣೆಗಳಲ್ಲಿ ಒತ್ತೊತ್ತಾಗಿ, ಕೆಲವನ್ನು ಓರೆಯಾಗಿ ತೂಗುಹಾಕಿ, ಸುತ್ತ ಗೋಡೆಯ ಮೇಲೆ ಹೀಯಾಳಿಕೆಯ ಘೋಷಣೆ ಬರೆದಿದ್ದರು. ಮ್ಯೂನಿಕ್ ಒಂದರಲ್ಲೇ 20 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಕೆಲವು ಚಿತ್ರಗಳ ಪಕ್ಕದಲ್ಲಿ ಸಂಗ್ರಹಾಲಯ ಕೊಟ್ಟ ಬೆಲೆಯನ್ನೂ ಬರೆದಿದ್ದರು, ಜನರ ತೆರಿಗೆ ದುಡ್ಡು ಹೀಗೆ ಪೋಲಾಯಿತೆಂದು ತೋರಿಸಲು. ಅವುಗಳಲ್ಲಿ ಹಲವು 1920ರ ದಶಕದ ಆರಂಭದ ಹಣದುಬ್ಬರದ ಕಾಲದ ಬೆಲೆಗಳು. ಆಗ ರೊಟ್ಟಿಗೂ ಲಕ್ಷಗಟ್ಟಲೆ ಮಾರ್ಕ್ ಆಗುತ್ತಿದ್ದುದನ್ನು ಹೇಳದೆ ಸಂಖ್ಯೆಯನ್ನು ಮಾತ್ರ ಬರೆದಿದ್ದರು. ಗೊಬೆಲ್ಸನಿಗೆ ಬೇಕಾದ ವರದಿಗಾರ ಆ ಸಂಖ್ಯೆಯನ್ನು ಹಾಗೆಯೇ ನಕಲು ಮಾಡಿ ಸುಳ್ಳಿಗೆ ಕೈಜೋಡಿಸುತ್ತಾನೆ. ಸಾಕ್ಷಿಗಾರ ಸಂಖ್ಯೆ ಯಾವ ವರ್ಷದ್ದು ಎಂದು ಕೇಳುತ್ತಾನೆ, ಚಿತ್ರ ಓರೆಯಾಗಿದ್ದದ್ದು ಕಲಾವಿದನಿಂದಲ್ಲ, ತೂಗುಹಾಕಿದವನಿಂದ ಎಂದು ಬರೆಯುತ್ತಾನೆ. ಅಲ್ಲಿ ನಿಷೇಧವಾದದ್ದು ಬರಿಯ ತೀರ್ಪಲ್ಲ, ಇಂಥ ಸಾಕ್ಷಿಯೂ ಹೌದು. ಪ್ರದರ್ಶನವನ್ನು ಏರ್ಪಡಿಸಿದವರು ನೋಡುಗನ ಕಣ್ಣನ್ನು ಎತ್ತ ತಿರುಗಿಸುತ್ತಿದ್ದಾರೆ ಎಂಬುದನ್ನು ಹೇಳದ ವರ್ಣನೆ ಸಾಕ್ಷಿ ಎನಿಸಿಕೊಳ್ಳುವುದಿಲ್ಲ.

ಕಣ್ಣು ತಿರುಗಿಸುವುದಕ್ಕೆ ಘೋಷಣೆಯೇ ಬೇಕೆಂದಿಲ್ಲ. 1929ರಲ್ಲಿ ತೆರೆದ ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯದಲ್ಲಿ ಅದರ ನಿರ್ದೇಶಕ ಆಲ್‌ಫ್ರೆಡ್ ಬಾರ್ ಚಿತ್ರಗಳನ್ನು ಒಂದೇ ಸಾಲಿನಲ್ಲಿ, ಕಣ್ಣಿನ ಮಟ್ಟಕ್ಕೆ, ನಡುವೆ ಧಾರಾಳ ಜಾಗ ಬಿಟ್ಟು ಹಾಕುವ ಪದ್ಧತಿಯನ್ನು ರೂಢಿಸಿದರು. ಅದು ಎಷ್ಟು ಬೇರೂರಿತೆಂದರೆ ಚಿತ್ರದ ನಡುಬಿಂದು ನೆಲದಿಂದ ಸುಮಾರು 145ರಿಂದ 155 ಸೆಂಟಿಮೀಟರಿನಲ್ಲಿರಬೇಕೆಂಬುದು ಈಗ ಲೋಕದಾದ್ಯಂತ ಗ್ಯಾಲರಿ ಕೆಲಸಗಾರರ ಬಾಯಿಪಾಠ. ಕಿಟಕಿಯಿಲ್ಲದ ಈ ಬಿಳಿ ಕೋಣೆ ತಟಸ್ಥವಲ್ಲ, ಒಳಗಿಟ್ಟದ್ದಕ್ಕೆಲ್ಲ ಗರ್ಭಗುಡಿಯ ಗಾಂಭೀರ್ಯ ಅಂಟಿಸುತ್ತದೆ ಎಂದು ಬ್ರಯನ್ ಒ’ಡೊಹರ್ಟಿ 1976ರಲ್ಲಿ ‘ಆರ್ಟ್‌ಫೋರಂ’ ಪತ್ರಿಕೆಯಲ್ಲಿ ಬರೆದ ಲೇಖನಮಾಲೆ ಹೆಸರಾದದ್ದು ಆ ಕಾರಣಕ್ಕೆ.

ಭಾರತದಲ್ಲಿ ಪ್ರದರ್ಶನಗಳು ವಸಾಹತು ಆಡಳಿತದ ಜೊತೆಗೆ ಬಂದವು. ರವಿವರ್ಮನಿಗೆ ಹೆಸರು ತಂದದ್ದು 1873ರ ಮದ್ರಾಸ್ ಪ್ರದರ್ಶನದ ಚಿನ್ನದ ಪದಕ. ಬಾಂಬೆ ಆರ್ಟ್ ಸೊಸೈಟಿ ಹುಟ್ಟಿದ್ದು 1888ರಲ್ಲಿ. ಆಗಿನ ಪ್ರದರ್ಶನವೆಂದರೆ ಬಹುಮಾನದ ಸ್ಪರ್ಧೆ, ಬರಹವೆಂದರೆ ಬಹುಮಾನಿತರ ಪಟ್ಟಿ. ಅದನ್ನು ಮೀರಿದ ಒಂದು ಸಂದರ್ಭ 1922ರ ಡಿಸೆಂಬರಿನಲ್ಲಿ ಕಲ್ಕತ್ತದಲ್ಲಿ ಒದಗಿತು. ಇಂಡಿಯನ್ ಸೊಸೈಟಿ ಆಫ್ ಓರಿಯಂಟಲ್ ಆರ್ಟ್ ತನ್ನ ವಾರ್ಷಿಕ ಪ್ರದರ್ಶನದಲ್ಲಿ ಅವನೀಂದ್ರನಾಥ, ಗಗನೇಂದ್ರನಾಥ ಠಾಕೂರ್ ಮೊದಲಾದವರ ಕೃತಿಗಳ ಜೊತೆಗೆ ಜರ್ಮನಿಯ ಬೌಹೌಸ್ ಶಾಲೆಯ ಕ್ಲೇ, ಕ್ಯಾಂಡಿನ್‌ಸ್ಕಿ, ಇಟ್ಟೆನ್, ಫೈನಿಂಗರ್ ಅವರ ಕೃತಿಗಳನ್ನು ತರಿಸಿ ತೋರಿಸಿತು. ಇದರ ಹಿಂದಿದ್ದ ಕಲಾ ಇತಿಹಾಸಕಾರ್ತಿ ಸ್ಟೆಲ್ಲಾ ಕ್ರಾಮ್ರಿಶ್ ಪಟ್ಟಿಪುಸ್ತಿಕೆಗೆ ಮುನ್ನುಡಿ ಬರೆದರು. ಗಗನೇಂದ್ರನಾಥರ ಕೋನಾಕೃತಿಯ ಚಿತ್ರಗಳನ್ನು ಆಕೆ ಮೆಚ್ಚಿಕೊಂಡಿದ್ದರು, 1959ರಲ್ಲಿ ಡಬ್ಲ್ಯು.ಜಿ. ಆರ್ಚರ್ ಅವನ್ನು ಬರಿಯ ಅನುಕರಣೆಯೆಂದು ತಳ್ಳಿಹಾಕಿದರು. ಈ ಜಗಳ ತೀರಬೇಕಾದರೆ ಯಾರು ಯಾವಾಗ ಏನನ್ನು ನೋಡಿದ್ದರು ಎಂಬುದು ತಿಳಿಯಬೇಕು. ದೆಸ್ಸೌ ನಗರದ ಬೌಹೌಸ್ 2013ರಲ್ಲಿ ಆ ಕಲ್ಕತ್ತ ಪ್ರದರ್ಶನವನ್ನು ಕುರಿತೇ ಒಂದು ಪ್ರದರ್ಶನ ಮಾಡುವಷ್ಟರ ಮಟ್ಟಿಗೆ ವಿಷಯ ಉಳಿದುಬಂದಿದ್ದರೆ, ಆಗ ಕಾಗದದ ಮೇಲೆ ಏನೋ ಒಂದಿಷ್ಟು ಬಿದ್ದಿತ್ತು ಎಂಬ ಕಾರಣಕ್ಕೆ. ಸ್ವಾತಂತ್ರ್ಯದ ಹೊತ್ತಿಗೆ ಮುಂಬಯಿಯಲ್ಲಿ ರುಡಾಲ್ಫ್ ಫಾನ್ ಲೇಡನ್ ‘ಟೈಮ್ಸ್ ಆಫ್ ಇಂಡಿಯಾ’ಕ್ಕೆ ಬರೆಯುತ್ತ 1947ರಲ್ಲಿ ಹುಟ್ಟಿದ ಪ್ರಗತಿಶೀಲ ಕಲಾವಿದರ ಗುಂಪಿಗೆ ಬೆನ್ನಾಗಿ ನಿಂತರು. ದೆಹಲಿಯಲ್ಲಿ 1954ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವೂ ಲಲಿತಕಲಾ ಅಕಾಡೆಮಿಯೂ ಬಂದವು. 2012ರಲ್ಲಿ ಕೊಚ್ಚಿ-ಮುಜಿರಿಸ್ ಬಿಯೆನಾಲೆ ಶುರುವಾದ ಮೇಲೆ ಹಳೆಯ ಗೋದಾಮುಗಳೂ ಪ್ರದರ್ಶನದ ಜಾಗಗಳಾದವು.

ಕರ್ನಾಟಕದಲ್ಲಿ ಜಾಗಗಳಿಗೆ ಕೊರತೆಯಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆ ಒಂದರಲ್ಲೇ 1877ರ ಕಟ್ಟಡದಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯ, ಅದರ ಮಗ್ಗುಲಲ್ಲಿ ಕೆ. ವೆಂಕಟಪ್ಪನವರ (1886–1965) ಹೆಸರಿನ ಚಿತ್ರಶಾಲೆ, ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ 2023ರಲ್ಲಿ ಜನರಿಗೆ ತೆರೆದ ಮ್ಯಾಪ್ ಎಂಬ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ ಇವೆ. ಅರಮನೆ ರಸ್ತೆಯ ಮಾಣಿಕ್ಯವೇಲು ಭವನದಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಶಾಖೆ. 1960ರಲ್ಲಿ ಹುಟ್ಟಿದ ಚಿತ್ರಕಲಾ ಪರಿಷತ್ತಿನ ಗ್ಯಾಲರಿಗಳಂತೂ ಸದಾ ತುಂಬಿರುತ್ತವೆ. ಕನ್ನಡದಲ್ಲಿ ಕಲೆಯ ಬಗ್ಗೆ ಬರೆದವರೂ ಕಡಿಮೆಯಲ್ಲ. ಶಿವರಾಮ ಕಾರಂತರು ಭಾರತೀಯ ಚಿತ್ರಕಲೆಯ ಬಗ್ಗೆ, ಅನಕೃ ರವಿವರ್ಮನ ಬಗ್ಗೆ ಪುಸ್ತಕಗಳನ್ನೇ ಬರೆದರು. ಆದರೆ ಈ ಪರಂಪರೆ ಒಲಿದದ್ದು ಕಲೆಯ ಚರಿತ್ರೆಗೆ, ಕಲಾವಿದನ ಬದುಕಿಗೆ. ಇಂಥ ದಿನ ಇಂಥ ಗೋಡೆಯ ಮೇಲೆ ಏನಿತ್ತು ಎಂಬುದಕ್ಕಲ್ಲ. ಪತ್ರಿಕೆಯ ಸುದ್ದಿಯಲ್ಲಿ ಉದ್ಘಾಟಿಸಿದ ಗಣ್ಯರ ಹೆಸರಿರುತ್ತದೆ, ಅಧ್ಯಕ್ಷತೆ ವಹಿಸಿದವರ ಹೆಸರಿರುತ್ತದೆ, ದೀಪ ಬೆಳಗುವ ಫೋಟೋ ಇರುತ್ತದೆ. ಚಿತ್ರಗಳು ಎಷ್ಟಿದ್ದವು, ಯಾವ ಅಳತೆಯವು, ತೈಲವೋ ಆಕ್ರಿಲಿಕ್ಕೋ, ಹೊಸವೋ ಹಿಂದೆ ತೋರಿಸಿದವೋ ಎಂಬುದು ಇರುವುದು ಅಪರೂಪ. ಓದುಗನಿಗೆ ಬೇಕಾದದ್ದು ಹೋಗಬೇಕೋ ಬೇಡವೋ ಎಂಬ ಸಲಹೆ, ದಾಖಲೆ ಯಾರಿಗೆ ಬೇಕು ಎಂದು ಸಂಪಾದಕರು ಕೇಳಬಹುದು. ನಮ್ಮಲ್ಲಿ ಬಾಡಿಗೆ ಗ್ಯಾಲರಿಯ ಏಕವ್ಯಕ್ತಿ ಪ್ರದರ್ಶನ ನಡೆಯುವುದು ಮೂರು ದಿನ, ಐದು ದಿನ, ಹೆಚ್ಚೆಂದರೆ ಒಂದೆರಡು ವಾರ. ಭಾನುವಾರದ ಪುರವಣಿಯಲ್ಲಿ ಲೇಖನ ಬರುವ ಹೊತ್ತಿಗೆ ಅನೇಕ ವೇಳೆ ಚಿತ್ರಗಳು ಕಲಾವಿದನ ಮನೆಯ ಅಟ್ಟ ಸೇರಿರುತ್ತವೆ. ಸಲಹೆ ಕೈಗೆ ಬರುವಾಗ ಕೆಲಸಕ್ಕೆ ಬಾರದು. ದಾಖಲೆ ಐವತ್ತು ವರ್ಷದ ಮೇಲೂ ಬೇಕಾಗುತ್ತದೆ.

ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ, ಎಲ್ಲವೂ ಫೋಟೋ ಆಗುತ್ತದೆ, ಬರೆದಿಡುವ ಸಾಕ್ಷಿಯ ಕಾಲ ಮುಗಿಯಿತು ಎಂಬ ಮಾತಿನಲ್ಲಿ ಹುರುಳಿಲ್ಲದಿಲ್ಲ. ಬಣ್ಣ, ಕ್ರಮ, ಜೋಡಣೆಗಳನ್ನು ಫೋಟೋ ಪದಗಳಿಗಿಂತ ಬೇಗ ಹಿಡಿಯುತ್ತದೆ. ಆದರೆ ಮೊಬೈಲಿನ ತೆರೆಯ ಮೇಲೆ 77 ಸೆಂ.ಮೀ. ಎತ್ತರದ ‘ಮೋನಾಲಿಸಾ’ವೂ 777 ಸೆಂ.ಮೀ. ಅಗಲದ ‘ಗೆರ್ನಿಕಾ’ವೂ ಒಂದೇ ಅಂಗೈಯಲ್ಲಿ ಕೂರುತ್ತವೆ. ಗಾಜಿನ ಮೇಲಿನ ಪ್ರತಿಫಲನವನ್ನು ತಪ್ಪಿಸಲು ಪಕ್ಕಕ್ಕೆ ಸರಿದು ತೆಗೆದ ಫೋಟೋದಲ್ಲಿ ಪ್ರತಿಫಲನವಿತ್ತೆಂಬುದೇ ಇರುವುದಿಲ್ಲ. ಪ್ರತಿಷ್ಠಾಪನ ಕಲೆಯ ನಡುವೆ ನಡೆಯುವಾಗಿನ ಸದ್ದು, ವೀಡಿಯೋ ಕೃತಿಯನ್ನು ಪೂರ್ತಿ ನೋಡಲು ಬೆಂಚು ಹಾಕಿದ್ದರೇ ಇಲ್ಲವೇ ಎಂಬುದು, ಗೋಡೆಯ ವಿವರಣೆ ಕನ್ನಡದಲ್ಲಿತ್ತೇ ಎಂಬುದು ಯಾರಾದರೂ ಗಮನಿಸಿ ಬರೆಯದೆ ಉಳಿಯುವುದಿಲ್ಲ. ಇನ್ನೊಂದು ಕಷ್ಟ ಹಿತಾಸಕ್ತಿಯದು. ಈಗ ವಿಮರ್ಶೆ ಬರೆಯುವವರೇ ಪ್ರದರ್ಶನ ಸಂಯೋಜಿಸುತ್ತಾರೆ, ಗ್ಯಾಲರಿಯಿಂದ ಸಂಭಾವನೆ ಪಡೆದು ಕ್ಯಾಟಲಾಗಿಗೂ ಬರೆಯುತ್ತಾರೆ. ಕಲೆಯ ಬರವಣಿಗೆಯೊಂದರಿಂದಲೇ ಹೊಟ್ಟೆ ತುಂಬದ ಕಡೆ ಇದನ್ನು ಪೂರ್ತಿ ತಪ್ಪಿಸಲಾಗದು. ಇಂಥವರ ಹೊಗಳಿಕೆಯನ್ನು ಓದುಗ ಅನುಮಾನಿಸಬಹುದು. ಅಳತೆ, ಸಂಖ್ಯೆ, ಸ್ಥಾನಗಳನ್ನು ಅವರು ಹೇಳಿದ್ದರೆ ಓದುಗ ಸ್ವತಃ ಹೋಗಿ ಪರೀಕ್ಷಿಸಬಹುದು. ಆದ್ದರಿಂದ ಕನ್ನಡದಲ್ಲಿ ಪ್ರದರ್ಶನದ ಬಗ್ಗೆ ಬರೆಯಹೊರಟವರು ಮೊದಲ ಪ್ಯಾರಾದಲ್ಲೇ ಸ್ಥಳ, ದಿನಾಂಕ, ಕೃತಿಗಳ ಸಂಖ್ಯೆ, ಮಾಧ್ಯಮ, ಅವನ್ನು ಜೋಡಿಸಿದ ಕ್ರಮ, ಜೋಡಿಸಿದವರ ಹೆಸರು ಇಷ್ಟನ್ನು ಬರೆಯಲಿ. ಗ್ಯಾಲರಿಯಿಂದ ತಾವು ಹಣ ಪಡೆದಿದ್ದರೆ ಅದನ್ನೂ ಬರೆಯಲಿ. ಮೆಚ್ಚುಗೆಗೂ ಟೀಕೆಗೂ ಎರಡನೆಯ ಪ್ಯಾರಾದಿಂದ ಜಾಗ ಇದ್ದೇ ಇದೆ.